ಕ್ಯಾಂಡಿಡ್ ಫೋಟೋ: ಎಡಿಟಿಂಗ್ ಎಲ್ಲಿ ಶುರು, ಎಲ್ಲಿ ಸ್ಟಾಪ್?

ಕಾಲೇಜು ಫೆಸ್ಟ್ ಮುಗಿದ ಮೇಲೆ ಎಲ್ಲರೂ ಮೊದಲು ಹುಡುಕೋದು ಕ್ಯಾಂಡಿಡ್ ಫೋಟೋಗಳನ್ನೇ. ಯಾರೂ ಪೋಸ್ ಕೊಟ್ಟಿರಲ್ಲ, ನಗು ನಿಜವಾದದ್ದು. ಆದರೆ ಇಂಥ ಫೋಟೋಗಳಲ್ಲೇ ತೊಂದರೆಯೂ ಜಾಸ್ತಿ. ಬೆಳಕು ನಮ್ಮ ಕೈಯಲ್ಲಿ ಇರಲ್ಲ, ಫ್ರೇಮ್ ಸರಿ ಮಾಡೋಕೆ ಟೈಮ್ ಸಿಗಲ್ಲ. ಅದಕ್ಕೇ ಹೊಸದಾಗಿ ಫೋಟೋಗ್ರಫಿ ಶುರು ಮಾಡಿದ ನಾವು ಎಡಿಟಿಂಗನ್ನೂ ಕಲಿಯಬೇಕು. ದುಡ್ಡಿನ ಚಿಂತೆ ಬೇಡ. ಫೋನಿಗೆ ಸ್ನ್ಯಾಪ್‌ಸೀಡ್, ಲ್ಯಾಪ್‌ಟಾಪಿಗೆ ಡಾರ್ಕ್‌ಟೇಬಲ್, ಎರಡೂ ಉಚಿತ.

ಮೊದಲ ಕೆಲಸ ಆಯ್ಕೆ. ಒಂದೇ ಕ್ಷಣದ ಹತ್ತು ಫೋಟೋ ಇದ್ದರೆ ಒಂದನ್ನು ಇಟ್ಟುಕೊಳ್ಳೋಣ. ಫೋಕಸ್ ಪೂರ್ತಿ ತಪ್ಪಿದ್ದರೆ ಬಿಟ್ಟುಬಿಡೋದೇ ವಾಸಿ. ಸ್ವಲ್ಪ ಕತ್ತಲಾಗಿದ್ದರೆ ಮಾತ್ರ ಅವಸರದಲ್ಲಿ ಡಿಲೀಟ್ ಮಾಡಬಾರದು, ಅದನ್ನು ಸರಿ ಮಾಡಬಹುದು.

ಆಮೇಲೆ ಕ್ರಾಪ್. ಅಂಚಿನಲ್ಲಿ ಯಾರದೋ ಅರ್ಧ ಕೈ, ಓರೆಯಾದ ಗೋಡೆ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತೆ. ಫ್ರೆಂಚ್ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ ಬ್ರೆಸ್ಸೊಂ ಅವರಿಗೆ ಕ್ರಾಪ್ ಮಾಡೋದು ಇಷ್ಟವಿರಲಿಲ್ಲ. ಆದರೂ 1932ರಲ್ಲಿ ಪ್ಯಾರಿಸ್‌ನ ರೈಲ್ವೆ ಸ್ಟೇಷನ್ ಹಿಂದೆ, ನೀರಿನ ಮೇಲೆ ಹಾರುತ್ತಿದ್ದ ಮನುಷ್ಯನನ್ನು ಬೇಲಿಯ ಸಂದಿಯಿಂದ ತೆಗೆದ ಅವರ ಪ್ರಸಿದ್ಧ ಫೋಟೋ ಕ್ರಾಪ್ ಆದದ್ದೇ!

ಮೂರನೆಯದು ಬೆಳಕು. ಇಲ್ಲಿ ಹಿಸ್ಟೋಗ್ರಾಮ್ ನೋಡಬೇಕು. ಎಡದಿಂದ ಬಲಕ್ಕೆ ಕಪ್ಪಿನಿಂದ ಬಿಳುಪು, ಎತ್ತರ ಅಂದರೆ ಅಷ್ಟು ಬೆಳಕಿನ ಪಿಕ್ಸೆಲ್‌ಗಳು ಎಷ್ಟಿವೆ ಅಂತ. ಗ್ರಾಫ್ ಬಲಗಡೆ ಗೋಡೆಗೆ ಒತ್ತಿಕೊಂಡಿದ್ದರೆ ಅಲ್ಲಿನ ವಿವರ ಹೋಗಿದೆ ಎಂದರ್ಥ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಮಟ್ಟ. 14 ಬಿಟ್ ರಾ ಫೈಲಿನಲ್ಲಿ 16,384. ಅದಕ್ಕೇ ರಾ ಫೈಲನ್ನು ಎಷ್ಟೋ ಎಳೆದಾಡಬಹುದು, ಜೆಪೆಗ್ ಬೇಗ ಕೈಕೊಡುತ್ತೆ.

ನಾಲ್ಕನೆಯದು ವೈಟ್ ಬ್ಯಾಲೆನ್ಸ್. ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಮಧ್ಯಾಹ್ನದ ಬಿಸಿಲು ಸುಮಾರು 5500. ಕ್ಯಾಂಟೀನಿನಲ್ಲಿ ಎರಡೂ ಸೇರಿದರೆ ಮುಖ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಮುಖದ ಮೇಲೆ ಯಾವ ಬೆಳಕು ಹೆಚ್ಚು ಬಿದ್ದಿದೆಯೋ ಅದೇ ಬೆಳಕಿನಲ್ಲಿರುವ ಬಿಳಿ ಕಾಗದವೋ ಶರ್ಟೋ ಹುಡುಕಿ, ಅದು ಬಿಳಿಯಾಗಿ ಕಾಣೋ ತನಕ ಸರಿ ಮಾಡಿದರೆ ಸಾಕು.

ಇಲ್ಲಿಗೆ ನಿಲ್ಲಿಸೋದೇ ಕಷ್ಟದ ಪಾಠ. ಮುಖ ಸ್ವಲ್ಪ ಬೆಳ್ಳಗಾಗಲಿ, ಮೊಡವೆ ಹೋಗಲಿ ಅಂತ ಬೆರಳು ತಾನಾಗಿಯೇ ಮುಂದೆ ಹೋಗುತ್ತೆ. ಇದರ ಹಿಂದೆ ಹಳೇ ಕಥೆ ಇದೆ. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸೋಕೆ ಕೊಡಾಕ್‌ನ 'ಶರ್ಲಿ ಕಾರ್ಡ್' ಬಳಸುತ್ತಿದ್ದವು. ಅದರಲ್ಲಿ ಬಹಳ ವರ್ಷ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸಿನ ಫೋಟೋ. ಹಾಗಾಗಿ ಕಪ್ಪು ಮೈಬಣ್ಣದವರ ಮುಖದ ವಿವರ ಎಷ್ಟೋ ಸಲ ಸರಿಯಾಗಿ ಬರುತ್ತಿರಲಿಲ್ಲ. ಈಗ ಆ ಕಾರ್ಡ್ ಇಲ್ಲ, ಸ್ಲೈಡರ್ ನಮ್ಮ ಕೈಯಲ್ಲೇ ಇದೆ. ಗೆಳತಿಯ ಮೈಬಣ್ಣವನ್ನು ನಾವು ಬೆಳ್ಳಗೆ ಮಾಡಿ ಕಳಿಸಿದರೆ, 'ನೀನು ಇರೋ ಹಾಗೆ ಚೆನ್ನಾಗಿಲ್ಲ' ಅಂತ ಹೇಳಿದ ಹಾಗೇ ಅಲ್ವಾ? ಕತ್ತಲಲ್ಲಿ ಮುಚ್ಚಿಹೋದ ಮುಖವನ್ನು ಬೆಳಕಿಗೆ ತರೋಣ, ಅದರ ಬಣ್ಣ ಅವರದ್ದೇ ಇರಲಿ.

ಒಂದು ಸುಲಭ ಪರೀಕ್ಷೆ: ಎಡಿಟ್ ಮಾಡಿ ರಾತ್ರಿ ಬಿಟ್ಟು, ಬೆಳಿಗ್ಗೆ ಮೂಲ ಫೋಟೋ ಪಕ್ಕದಲ್ಲಿಟ್ಟು ನೋಡೋಣ. ಮೊದಲು ಕಣ್ಣಿಗೆ ಬೀಳೋದು ಮನುಷ್ಯನಾ, ಎಡಿಟಿಂಗಾ? ಎಡಿಟಿಂಗ್ ಆದರೆ ಅರ್ಧಕ್ಕೆ ಇಳಿಸೋಣ. ಕ್ಯಾಂಡಿಡ್ ಕ್ಲಿಕ್ ಮಾಡುವಾಗ ನಾವು ಅವರನ್ನು ಕೇಳಿರಲ್ಲ. ಹಾಗಾಗಿ ಗ್ರೂಪಿಗೆ ಹಾಕೋ ಮುಂಚೆ ಫೋಟೋ ಅವರಿಗೆ ಕಳಿಸಿ ಕೇಳೋದು ನಮ್ಮ ಕೆಲಸ. ಬೇಡ ಅಂದರೆ ಡಿಲೀಟ್, ಚರ್ಚೆ ಇಲ್ಲ.