ಅರಳುಮರಳು ಯಾರಿಗೆ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವು ನಗೆಯಾಡಲು ಬಳಸುತ್ತೇವೆ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಹೆಚ್ಚುಕಡಿಮೆ ಇದನ್ನೇ ಗಂಭೀರವಾಗಿ ಹೇಳಿದರು. ಅದೂ ಹತ್ತು ವರ್ಷ ಮುಂಚಿತವಾಗಿ! ಐವತ್ತರ ಆಸುಪಾಸಿನವರ ಮನಸ್ಸು ಬಾಗುವ ಗುಣ ಕಳೆದುಕೊಂಡಿರುತ್ತದೆ, ಮುದುಕರಿಗೆ ಹೊಸದನ್ನು ಕಲಿಸಲಾಗದು ಎಂಬುದು 1904ರಲ್ಲಿ ಅವರು ಮಾಡಿದ ಉಪನ್ಯಾಸದ ಒಂದು ಅಭಿಪ್ರಾಯ. ಆಗ ಅವರಿಗೇ 48 ವರ್ಷ. ಮುಂದೆ ಎಪ್ಪತ್ತು ದಾಟಿದ ಮೇಲೂ ಅವರು ಹೊಸ ಗ್ರಂಥಗಳನ್ನು ಬರೆದರೆಂಬುದು ಬೇರೆ ಮಾತು.

ಶಿಷ್ಯ ಕಾರ್ಲ್ ಅಬ್ರಹಾಂ 1919ರಲ್ಲಿ ಇದನ್ನು ಅಲ್ಲಗಳೆದರು. ರೋಗಿಯ ವಯಸ್ಸಿಗಿಂತ ರೋಗದ ವಯಸ್ಸು ಮುಖ್ಯವೆಂದರು. ಅಮೆರಿಕದ ಲಿಲಿಯನ್ ಮಾರ್ಟಿನ್ ವಯಸ್ಸಿನ ಕಾರಣಕ್ಕೆ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದವರು. 1929ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೃದ್ಧರಿಗಾಗಿಯೇ ಸಲಹಾ ಕೇಂದ್ರ ತೆರೆದರು. ಆದರೂ ಗುರುವಿನ ಮಾತೇ ದಶಕಗಳ ಕಾಲ ನಿಂತಿತು.

‘ಈ ವಯಸ್ಸಿನಲ್ಲಿ ಬೇಸರ ಸಹಜವಲ್ಲವೇ?’ ಕೇಳಲು ಇದು ಕರುಣೆಯ ಮಾತು. ಮಗನೋ ಸೊಸೆಯೋ ಹೀಗೆಂದರೆ ಹೋಗಲಿ, ಚಿಕಿತ್ಸಕನೇ ಹೀಗೆಂದರೆ ವಾಸಿಯಾಗಬಹುದಾದ ಖಿನ್ನತೆ ಮುಪ್ಪಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂಗ್ಲೆಂಡಿನಲ್ಲಿ 2008ರಲ್ಲಿ ಶುರುವಾದ ಸಾರ್ವಜನಿಕ ಮಾತಿನ ಚಿಕಿತ್ಸಾ ಯೋಜನೆಗೆ ಹಿರಿಯರು ಬರುವುದೇ ಕಡಿಮೆ. ಬಂದವರಲ್ಲಿ ಚೇತರಿಸಿಕೊಳ್ಳುವವರ ಪ್ರಮಾಣ ಮಾತ್ರ ಕಿರಿಯರಿಗಿಂತ ಹೆಚ್ಚು!

ಹಾಗಾಗಿ ಚಿಕಿತ್ಸಕರ ತರಬೇತಿ ರೋಗಿಯಿಂದಲ್ಲ, ಚಿಕಿತ್ಸಕನಿಂದ ಆರಂಭವಾಗಬೇಕಾಗುತ್ತದೆ. ಇಪ್ಪತ್ತೈದರ ತರುಣಿಗೆ ಎದುರಿನ ವೃದ್ಧೆಯಲ್ಲಿ ತನ್ನ ಅಜ್ಜಿ ಕಾಣಬಹುದು; ತನ್ನದೇ ಮುಪ್ಪಿನ ಭಯವೂ ಕಾಣಬಹುದು. ಅದನ್ನು ಗುರುತಿಸದೆ ಮುಂದಿನ ಪಾಠವಿಲ್ಲ. ಕಿವಿ ಮಂದವಾದವರೊಡನೆ ಕೂಗಾಡದೆ ಮುಖ ನೋಡಿ ನಿಧಾನವಾಗಿ ಮಾತನಾಡುವುದು, ಮಗುವಿನಂತೆ ಮುದ್ದುಗರೆಯದಿರುವುದು, ನಿಜವಾದ ಮರೆವಿನ ರೋಗವನ್ನೂ ಖಿನ್ನತೆಯನ್ನೂ ಬೇರ್ಪಡಿಸಿ ನೋಡುವುದು, ಇವೆಲ್ಲ ಆಮೇಲಿನವು.

ಎಲ್ಲಕ್ಕಿಂತ ಕಷ್ಟದ ಪಾಠ ಹಳೆಯ ಕಥೆ ಕೇಳುವುದು. ಅಜ್ಜ ಹೇಳಿದ್ದನ್ನೇ ಹೇಳಿದರೆ ಅದು ಬುದ್ಧಿ ಕುಂದಿದ ಲಕ್ಷಣವೆಂದು ವೈದ್ಯರೂ ತಿಳಿದಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಇದನ್ನು ತಿರುವಿಹಾಕಿದರು: ಅದು ಬಾಳಿನ ಲೆಕ್ಕ ನೋಡುವ ಸಹಜ ಕ್ರಿಯೆ. ವಯಸ್ಸಿನ ಕಾರಣಕ್ಕೆ ಮಾಡುವ ತಾರತಮ್ಯಕ್ಕೆ 1969ರಲ್ಲಿ ಇಂಗ್ಲಿಷಿನಲ್ಲಿ ‘ಏಜಿಸಂ’ ಎಂಬ ಹೆಸರು ಕೊಟ್ಟವರೂ ಅವರೇ.

ಇಂದು ಕೆಲವು ಚಿಕಿತ್ಸಕರು ರೋಗಿಯೊಡನೆ ಕುಳಿತು ಹಾಳೆಯ ಮೇಲೆ ಅವರ ಬದುಕಿನ ಗೆರೆ ಎಳೆಯುತ್ತಾರೆ. ಹುಟ್ಟು, ಮದುವೆ, ಸಾವು, ಸಾಲ ಎಲ್ಲ ಅದರ ಮೇಲೆ ಬರುತ್ತವೆ. ಆಮೇಲೆ ಒಂದೊಂದರ ಮೇಲೂ ಬೆರಳಿಟ್ಟು ಕೇಳುತ್ತಾರೆ: ‘ಆಗ ಇದನ್ನು ಹೇಗೆ ದಾಟಿದಿರಿ?’