ಬಿಡುಗಡೆಯ ನಂತರದ ಮನೆ

ಮಾರಾಟವಾಗಿದ್ದ ಹುಡುಗಿಯನ್ನು ಪೊಲೀಸರು ಬಿಡಿಸಿ ತಂದರೆಂದು ಓದಿ ನಾವು ನೆಮ್ಮದಿಯ ಉಸಿರು ಬಿಡುತ್ತೇವೆ. ಆ ರಾತ್ರಿ ಅವಳು ಮಲಗುವುದೆಲ್ಲಿ? 18 ತುಂಬದವಳಾದರೆ, 2015ರ ಬಾಲನ್ಯಾಯ ಕಾಯಿದೆಯಂತೆ, ಪ್ರಯಾಣದ ಹೊತ್ತನ್ನುಳಿದು 24 ಗಂಟೆಗಳೊಳಗೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಅವಳೆಲ್ಲಿರಬೇಕೆಂಬುದನ್ನು ಸಮಿತಿ ನಿರ್ಧರಿಸುತ್ತದೆ.

ಮೈಸೂರಿನಲ್ಲಿ ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಇಂಥವರಿಗಾಗಿ ಕಟ್ಟಿದ ಸಂಸ್ಥೆಯ ಹೆಸರು ‘ಒಡನಾಡಿ’. ‘ಉದ್ಧಾರ’ ಎಂಬ ಮಾತಿನಲ್ಲಿ ಮೇಲಿರುವವರು ಕೆಳಗಿರುವವರನ್ನೆತ್ತುವ ಭಾವವಿದೆ. ಒಡನಾಡಿಯಾದವರು ಜೊತೆಗೆ ನಡೆಯುತ್ತಾರೆ. ಕನ್ನಡದ ಮೇಷ್ಟರಾದ ನನಗೆ ಈ ಭೇದ ಸಣ್ಣದೆನಿಸುವುದಿಲ್ಲ.

ನಮ್ಮ ಜಯನಗರದಲ್ಲೋ ಬನಶಂಕರಿಯಲ್ಲೋ ಅಂಥ ಮನೆಯೊಂದನ್ನು ತೆರೆಯುವುದಾದರೆ, ಮೊದಲು ಕಾಯಿದೆಯಡಿ ನೋಂದಣಿಯಾಗಬೇಕು. ಒಳಗಿರುವವರ ಪೂರ್ವಕಥೆಯನ್ನು ಸಾರುವ ಫಲಕ ಬಾಗಿಲಲ್ಲಿ ಇರಕೂಡದು. ಮಗುವಿನ ಗುರುತನ್ನು ಬಯಲುಮಾಡುವುದು ಅಪರಾಧ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಮೀಪದಲ್ಲಿರುವುದು ಈ ಭಾಗದ ಅನುಕೂಲ. ಆದರೆ ಗಾಯ ಮಾಯುವುದು ವೈದ್ಯರ ಕೋಣೆಯಲ್ಲಷ್ಟೇ ಅಲ್ಲ. ಏನು ಉಡಬೇಕು, ಯಾವಾಗ ಮಲಗಬೇಕು ಎಂಬುದನ್ನೆಲ್ಲ ಅನ್ಯರೇ ನಿರ್ಧರಿಸುತ್ತಿದ್ದ ಹುಡುಗಿಯನ್ನು, ‘ಇವತ್ತು ಸಾರು ಮಾಡೋಣವೋ, ಹುಳಿಯೋ?’ ಎಂದು ಕೇಳುವುದೂ ಚಿಕಿತ್ಸೆಯೇ. ಉತ್ತರ ಬರಲು ವಾರ ಹಿಡಿದರೆ ಹಿಡಿಯಲಿ. ರಕ್ಷಣೆಯ ಹೆಸರಿನಲ್ಲಿ ಹಗಲೆಲ್ಲ ಹೊರಗಿನಿಂದ ಬೀಗ ಜಡಿದರೆ, ಹಿಂದಿನ ಮನೆಗೂ ಇದಕ್ಕೂ ಅವಳು ಭೇದ ಕಾಣುವುದು ಹೇಗೆ?

18 ತುಂಬಿದ ದಿನ ಮತ್ತೊಂದು ಕಷ್ಟ. ಅನುಪಾಲನೆಗೆ 21ರವರೆಗೆ ನಿಯಮಗಳಲ್ಲಿ ಅವಕಾಶವುಂಟು. ಅಷ್ಟರಲ್ಲಿ ಅವಳಿಗೊಂದು ಕಸುಬು, ಬ್ಯಾಂಕಿನಲ್ಲಿ ಸ್ವಂತ ಖಾತೆ ಇರಬೇಕು. ಆಮೇಲೆ ಬಾಡಿಗೆ ಕೋಣೆ ಹುಡುಕಿಕೊಂಡು ಅವಳು ನಮ್ಮ ಬೀದಿಗೇ ಬಂದಾಳು. ‘ಊರು ಯಾವುದಮ್ಮ, ಮನೆಯವರು ಎಲ್ಲಿದ್ದಾರೆ?’ ಎಂದು ನಾವು ಕೇಳಿಯೇ ಕೇಳುತ್ತೇವೆ. ಆಗ ಅವಳ ಪರವಾಗಿ ಕರಾರಿಗೆ ರುಜುಹಾಕಲು ಆ ಮನೆಯಿಂದ ಒಬ್ಬರು ಬರಬೇಕು.