ಗಿಡ ಮೊದಲು, ಮಣ್ಣು ಆಮೇಲೆ, ದೀಪ ಕೊನೆಗೆ

ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಹೈದರಾಬಾದಿನ ಬೇಗಂ ಬಜಾರ್ ಹೊಸದಲ್ಲ. ಮದುವೆಯ ಪಾತ್ರೆ, ಒಣಹಣ್ಣು, ಮಸಾಲೆ, ಕಿರಾಣಿ ಅಂಗಡಿಯ ಸಗಟು ಸಾಮಾನು, ಎಲ್ಲಕ್ಕೂ ಮೂಸಿ ನದಿಯ ಬದಿಯ ಈ ಪೇಟೆಯ ದಾರಿ ಹಿಡಿಯುವವರು ನಾವು. ಮನೆಯಲ್ಲಿ ಮಕ್ಕಳು ಮೀನಿನ ತೊಟ್ಟಿಗೆ ಹಟ ಹಿಡಿದಿದ್ದರೆ ಆ ಚೀಲಕ್ಕೆ ಇನ್ನೆರಡು ಸಾಮಾನು ಸೇರುತ್ತವೆ: ಹೊಳೆಯುವ ಬಿಳಿ ಕಲ್ಲು, ನೀಲಿ-ಗುಲಾಬಿ ದೀಪ. ನನ್ನ ಮೊದಲ ತೊಟ್ಟಿಯೂ ಹೀಗೇ ಶುರುವಾಯಿತು. ಎರಡೇ ತಿಂಗಳಲ್ಲಿ ಒಳಗೆ ನೆಟ್ಟ ಗಿಡಗಳು ಹಳದಿಯಾದವು, ಗಾಜಿಗೆ ಪಾಚಿ ಹತ್ತಿತು. ಗಿಡಗಳಿಗೆ ಏನು ಬೇಕೆಂದು ಕೇಳದೆ ತಂದದ್ದೇ ತಪ್ಪಾಗಿತ್ತು. ಅದೇ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಎಂದು, ತೊಟ್ಟಿಯ ನೆಲ ಮತ್ತು ಬೆಳಕಿನ ಬಗ್ಗೆ ಪದೇ ಪದೇ ಕೇಳಿಬರುವ ಆರು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

ನಂಬಿಕೆ 1: ಬಿಳಿ ಕಲ್ಲು ಬರೀ ಅಂದಕ್ಕೆ, ನೀರಿಗೆ ಏನೂ ಮಾಡುವುದಿಲ್ಲ

ಸತ್ಯ: ಅಮೃತಶಿಲೆಯ ಚೂರು, ಸುಣ್ಣಕಲ್ಲು, ಹವಳದ ಪುಡಿ, ಕಪ್ಪೆಚಿಪ್ಪು ಇವೆಲ್ಲ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ನಿಧಾನವಾಗಿ ಕರಗುತ್ತ ಗಡಸುತನವನ್ನೂ ಪಿಎಚ್ ಮಟ್ಟವನ್ನೂ ಏರಿಸುತ್ತವೆ. ನಮ್ಮ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಮೊದಲೇ ಗಡಸು. ಬಕೆಟ್ಟಿಗೂ ಗೀಸರಿಗೂ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಅಂಥ ನೀರಿಗೆ ಈ ಕಲ್ಲನ್ನೂ ಸುರಿದರೆ, ಮೆದು ನೀರಿನಲ್ಲಿ ಬೆಳೆದು ಬಂದ ಪಶ್ಚಿಮ ಘಟ್ಟದ ರೋಟಾಲಾ ಮಕ್ರಾಂಡ್ರಾದಂಥ ಗಿಡ ಸೊರಗುತ್ತದೆ. ವ್ಯಾಲಿಸ್ನೇರಿಯಾ ಮಾತ್ರ ಗಡಸು ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಕಲ್ಲಿನ ಗುಣ ತಿಳಿಯಲು ಪ್ರಯೋಗಾಲಯ ಬೇಡ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನಿಗರ್ ಬಿಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ. ಬೆಣಚುಕಲ್ಲು, ಗ್ರಾನೈಟ್ ಚೂರುಗಳಲ್ಲಿ ಗುಳ್ಳೆ ಏಳುವುದಿಲ್ಲ; ಅವನ್ನು ಧೈರ್ಯವಾಗಿ ಹಾಕಬಹುದು.

ನಂಬಿಕೆ 2: ಗಿಡ ಬೆಳೆಯಬೇಕಾದರೆ ದುಬಾರಿ ಅಕ್ವಾ ಸಾಯಿಲ್ ಬೇಕೇ ಬೇಕು

ಸತ್ಯ: ಅದು ಗಿಡದ ಮೇಲೆ ನಿಂತ ಮಾತು. ಜಾವಾ ಫರ್ನ್, ಅನೂಬಿಯಾಸ್‌ಗಳಿಗೆ ಮಣ್ಣೇ ಬೇಕಿಲ್ಲ. ಶುಂಠಿಯಂತೆ ಅಡ್ಡಕ್ಕೆ ಹರಿಯುವ ಅವುಗಳ ಕಾಂಡವನ್ನು ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿದರೆ ಸಾಕು. ಹೈಡ್ರಿಲ್ಲಾದಂಥ ಗಿಡಗಳು ಎಲೆಯಿಂದಲೂ ನೀರಿನ ಪೋಷಕಾಂಶ ಹೀರುತ್ತವೆ. ಬೇರಿನಿಂದಲೇ ಹೆಚ್ಚು ಉಣ್ಣುವ ಕ್ರಿಪ್ಟೊಕೊರೈನ್, ಅಮೆಜಾನ್ ಸೋರ್ಡ್‌ಗಳಿಗೆ ಮಾತ್ರ ತಳದಲ್ಲಿ ಸಾರ ಬೇಕು. ಅಲ್ಲಿಯೂ 2-3 ಮಿಲಿಮೀಟರ್ ದಪ್ಪದ ಸಾದಾ ಜಲ್ಲಿಯನ್ನು ಐದಾರು ಸೆಂಟಿಮೀಟರ್ ಹರಡಿ, ಬೇರಿನ ಬುಡಕ್ಕೆ ಗೊಬ್ಬರದ ಮಾತ್ರೆ ಹುಗಿದರೆ ಕೆಲಸ ಸಾಗುತ್ತದೆ.

ಅಕ್ವಾ ಸಾಯಿಲ್ ಒಳ್ಳೆಯ ವಸ್ತುವೇ. ಕಾಳಿನಂತೆ ಮಾಡಿದ ಆ ಮಣ್ಣು ಪೋಷಕಾಂಶವನ್ನು ಹಿಡಿದಿಟ್ಟು ಬೇರಿಗೆ ಕೊಡುತ್ತದೆ, ನೀರಿನ ಪಿಎಚ್ ಇಳಿಸುತ್ತದೆ. ಆದರೆ ಅಂಥ ಮಣ್ಣುಗಳಲ್ಲಿ ಹಲವು ಮೊದಲ ಕೆಲವು ವಾರ ಅಮೋನಿಯಾ ಬಿಡುತ್ತವೆ. ಅಂದೇ ಮಣ್ಣು, ಅಂದೇ ಮೀನು ಎಂದರೆ ಮೀನಿನ ಪ್ರಾಣಕ್ಕೆ ಕುತ್ತು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆ ಮಣ್ಣಿನ ಸಾರವೂ ವರ್ಷಗಳು ಕಳೆದಂತೆ ಇಳಿಯುತ್ತದೆ. ಒಮ್ಮೆ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ.

ನಂಬಿಕೆ 3: ಹೊಲದ ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ಹಾಕಿದರೆ ಗಿಡ ಸೊಂಪಾಗುತ್ತದೆ

ಸತ್ಯ: ಹೊಲದ ಬುದ್ಧಿ ತೊಟ್ಟಿಯಲ್ಲಿ ಪೂರ್ತಿ ನಡೆಯದು. ಸಗಣಿ ಗೊಬ್ಬರ ನೀರಿನಡಿ ಕೊಳೆತು ಅಮೋನಿಯಾ ಬಿಡುತ್ತದೆ, ಆಮ್ಲಜನಕ ತಿನ್ನುತ್ತದೆ. ನಮ್ಮ ಎರೆಮಣ್ಣು ಪೋಷಕಾಂಶ ಹಿಡಿದಿಡುವುದರಲ್ಲಿ ಎತ್ತಿದ ಕೈ. ಆದರೆ ನೆನೆದರೆ ಉಬ್ಬುತ್ತದೆ, ಕಲಕಿದರೆ ನೀರು ದಿನಗಟ್ಟಲೆ ತಿಳಿಯಾಗದು, ಅನೇಕ ಕಡೆ ಅದರಲ್ಲಿ ಸುಣ್ಣದ ಹರಳೂ ಇರುತ್ತದೆ. ಬೀದರಿನ ಜಂಬಿಟ್ಟಿಗೆ ಕಲ್ಲಿನ ಕಥೆ ಬೇರೆ. ಲ್ಯಾಟರೈಟ್ ಎಂದು ಹೆಸರಾದ ಈ ಜಾತಿಯ ಕೆಂಪು ಕಲ್ಲು-ಮಣ್ಣನ್ನು ಯುರೋಪಿನ ಹವ್ಯಾಸಿಗಳು ದಶಕಗಳ ಹಿಂದೆಯೇ ತೊಟ್ಟಿಯ ತಳಕ್ಕೆ ಬಳಸಿದ್ದರು. ಅದರಲ್ಲಿ ಕಬ್ಬಿಣ ಧಾರಾಳ, ಸಾರಜನಕ ರಂಜಕಗಳು ಕಡಿಮೆ. ಕಬ್ಬಿಣಕ್ಕಾಗಿ ಸ್ವಲ್ಪ ಬೆರೆಸಬಹುದೇ ಹೊರತು ಅದೊಂದೇ ಊಟವಾಗದು.

ಮಣ್ಣೇ ಬೇಡವೆಂದಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಜನಪ್ರಿಯವಾದ ಕ್ರಮ ಸರಳ: ರಾಸಾಯನಿಕ ಗೊಬ್ಬರ ಬೆರೆಸದ ಮಣ್ಣು ಸುಮಾರು ಒಂದು ಇಂಚು, ಅದರ ಮೇಲೆ ಸಣ್ಣ ಜಲ್ಲಿಯ ಹೊದಿಕೆ ಒಂದು ಇಂಚು, ಮೊದಲ ದಿನವೇ ಗಿಡಗಳನ್ನು ಒತ್ತಾಗಿ ನೆಡುವುದು. ಮಣ್ಣನ್ನು ತೀರ ದಪ್ಪಗೆ ಹಾಕಿದರೆ ತಳದಲ್ಲಿ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟಬಹುದು.

ನಂಬಿಕೆ 4: ಲೀಟರಿಗೆ ಇಷ್ಟು ವ್ಯಾಟ್ ಎಂದು ಲೆಕ್ಕ ಹಾಕಿ ದೀಪ ಕೊಳ್ಳಬೇಕು

ಸತ್ಯ: ಇದು ಟ್ಯೂಬ್‌ಲೈಟ್ ಕಾಲದ ಲೆಕ್ಕ. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತೇ ಹೊರತು ಕೊಡುವ ಬೆಳಕಲ್ಲ. ಅದೇ ವ್ಯಾಟಿಗೆ ಎಲ್‌ಇಡಿ ಹಳೆಯ ಟ್ಯೂಬಿಗಿಂತ ಎಷ್ಟೋ ಹೆಚ್ಚು ಬೆಳಕು ಚೆಲ್ಲುತ್ತದೆ. ಲ್ಯೂಮೆನ್ ಕೂಡ ಮನುಷ್ಯರ ಕಣ್ಣಿನ ಅಳತೆ. ಗಿಡದ ಅಳತೆ ಪಾರ್: 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ಎಲೆಗೆ ಎಷ್ಟು ತಲುಪುತ್ತದೆ ಎಂಬುದು. ತೊಟ್ಟಿ ಆಳವಾದಷ್ಟೂ ತಳಕ್ಕೆ ಮುಟ್ಟುವ ಬೆಳಕು ಕುಗ್ಗುತ್ತದೆ. ಒಂದು ಅಡಿ ಆಳದ ತೊಟ್ಟಿಗೆ ಸಾಕಾದ ದೀಪ ಎರಡಡಿ ತೊಟ್ಟಿಯ ನೆಲದ ಗಿಡಕ್ಕೆ ಸಾಲದೆ ಹೋಗಬಹುದು. ಕೊಳ್ಳುವಾಗ ಆಳ ಹೇಳಿ ಕೇಳಿ.

ನಂಬಿಕೆ 5: ನೀಲಿ-ಕೆಂಪು ದೀಪವೇ ಗಿಡದ ದೀಪ, ಹಸಿರು ಬೆಳಕು ವ್ಯರ್ಥ

ಸತ್ಯ: ಪತ್ರಹರಿತ್ತು ನೀಲಿ, ಕೆಂಪನ್ನು ಹೆಚ್ಚು ಹೀರುತ್ತದೆ ಎಂಬ ಶಾಲಾಪಾಠ ಸುಳ್ಳಲ್ಲ. ಆದರೆ ಇಡೀ ಎಲೆ ಹಸಿರು ಬೆಳಕನ್ನೂ ದುಡಿಸಿಕೊಳ್ಳುತ್ತದೆ. ವಿಜ್ಞಾನಿ ಕೆ. ಜೆ. ಮ್ಯಾಕ್‌ಕ್ರೀ 22 ಬಗೆಯ ಬೆಳೆಗಳ ಎಲೆಗಳನ್ನು ಅಳೆದು 1972ರಲ್ಲೇ ಇದನ್ನು ತೋರಿಸಿದ್ದರು. ಒಳ್ಳೆಯ ಬಿಳಿ ಎಲ್‌ಇಡಿಯಲ್ಲಿ ಗಿಡಕ್ಕೆ ಬೇಕಾದ ಬಣ್ಣಗಳೆಲ್ಲ ಇರುತ್ತವೆ. ಡಬ್ಬಿಯ ಮೇಲಿನ 6500 ಕೆಲ್ವಿನ್ ಎಂಬ ಅಂಕಿ ಬೆಳಕು ನಮ್ಮ ಕಣ್ಣಿಗೆ ಯಾವ ಛಾಯೆಯಲ್ಲಿ ಕಾಣುತ್ತದೆ ಎಂದು ಹೇಳುತ್ತದೆ. ಗಿಡ ಎಷ್ಟು ಬೆಳೆಯುತ್ತದೆ ಎಂದು ಅದರಿಂದ ತಿಳಿಯದು.

ನಂಬಿಕೆ 6: ಬೆಳಕು ಹೆಚ್ಚಾದಷ್ಟೂ ಗಿಡ ಹೆಚ್ಚು ಬೆಳೆಯುತ್ತದೆ

ಸತ್ಯ: ಅತಿ ಹೆಚ್ಚು ತೊಟ್ಟಿಗಳನ್ನು ಕೆಡಿಸುವ ನಂಬಿಕೆ ಇದು. ಶಾಲೆಯಲ್ಲಿ ಹೈಡ್ರಿಲ್ಲಾದ ಗುಳ್ಳೆ ಎಣಿಸಿದ್ದು ನೆನಪಿಸಿಕೊಳ್ಳಿ. ದೀಪ ಹತ್ತಿರ ತಂದಂತೆ ಗುಳ್ಳೆ ಹೆಚ್ಚುತ್ತವೆ, ಒಂದು ಹಂತದ ನಂತರ ಹೆಚ್ಚುವುದಿಲ್ಲ. ಆಗ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮತ್ತೆ ಹೆಚ್ಚುತ್ತವೆ. ಕೊರತೆ ಬೆಳಕಿನದಾಗಿರಲಿಲ್ಲ, ಇಂಗಾಲದ್ದಾಗಿತ್ತು. ಇದು ಪಾಠ ಕಲಿಸುವ ಪ್ರಯೋಗವಷ್ಟೆ. ಮೀನಿರುವ ತೊಟ್ಟಿಗೆ ಸೋಡಾ ಹಾಕಬೇಡಿ.

ಬೆಳಕು ಎಂದರೆ ಗಿಡವನ್ನು ದುಡಿಮೆಗೆ ಹಚ್ಚುವುದು. ಇಂಗಾಲದ ಡೈಆಕ್ಸೈಡ್ ಮತ್ತು ಪೋಷಕಾಂಶ ಅದರ ಬುತ್ತಿ. ಬುತ್ತಿ ಕಟ್ಟದೆ ಹಗಲಿಡೀ ದುಡಿಸಿದರೆ ಗಿಡ ಬಳಲುತ್ತದೆ. ಉಳಿದ ಬೆಳಕನ್ನು ಪಾಚಿ ಉಣ್ಣುತ್ತದೆ. ಹೊಸ ತೊಟ್ಟಿಗೆ ದಿನಕ್ಕೆ 6ರಿಂದ 8 ಗಂಟೆ ದೀಪ ಸಾಕು. ಮರೆಯದಂತೆ ಟೈಮರ್ ಹಾಕಿ. ಕಿಟಕಿಯ ಬಿಸಿಲಿಗೆ ತೊಟ್ಟಿ ಇಡುವುದೂ ಬೇಡ. ಪಾಚಿಯ ಜೊತೆಗೆ ಬಿಸಿಯೂ ಏರುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಮೀನುಗಳಿಗೆ ಆ ಒಂದೂವರೆ ಮಿಲಿಗ್ರಾಂ ಬಹಳ ದೊಡ್ಡದು.

ಆದ್ದರಿಂದ ಖರೀದಿಯ ಕ್ರಮ ಬದಲಾಗಲಿ. ಮೊದಲು ಮನೆಯ ನೀರು ಎಂಥದೆಂದು ನೋಡಿ, ಅದಕ್ಕೆ ಒಗ್ಗುವ ಗಿಡ ಆರಿಸಿ. ಆ ಗಿಡ ಬೇರಿನಿಂದ ಉಣ್ಣುವುದೋ ಎಲೆಯಿಂದಲೋ ತಿಳಿದು ನೆಲ ಹಾಸಿ. ದೀಪ ಕೊನೆಗೆ, ಅದೂ ಮಿತವಾಗಿ. ಮುಂದಿನ ಸಲ ಬೇಗಂ ಬಜಾರಿಗೆ ಹೋದಾಗ ಚೆಂದ ಕಂಡ ಕಲ್ಲನ್ನು ಕಿಲೋಗಟ್ಟಲೆ ತುಂಬಿಸಿಕೊಳ್ಳಬೇಡಿ. ಒಂದು ಹಿಡಿ ತನ್ನಿ. ಅಡುಗೆಮನೆಯಲ್ಲಿ ಅದರ ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟು, ಮಕ್ಕಳನ್ನು ಪಕ್ಕಕ್ಕೆ ಕರೆದು, ಗುಳ್ಳೆ ಏಳುತ್ತದೆಯೇ ಎಂದು ಅವರನ್ನೇ ಕೇಳಿ.